ಹಳೇ ಕಾರು, ಘಟ್ಟದ ದಾರಿ: ಬ್ರೇಕ್, ಸ್ಟೇರಿಂಗ್, ಏರ್‌ಬ್ಯಾಗ್ ಕೈಕೊಟ್ಟಾಗ ದೂರು ಕೊಡುವುದು ಹೇಗೆ?

"ಪ್ರಾಬ್ಲಂ ಏನೂ ಇಲ್ಲ ಸಾರ್, ಗಾಡಿ ಚೆನ್ನಾಗೇ ಇದೆ."

ಹಾಸನದ ಒಂದು ಸರ್ವಿಸ್ ಸೆಂಟರ್‌ನಲ್ಲಿ ಈ ಮಾತು ಕೇಳಿ ನನಗೆ ಸಿಟ್ಟು ಬಂದಿತ್ತು. ನಾಲ್ಕು ದಿನದ ಹಿಂದಷ್ಟೇ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಯಿತು. ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಫಸ್ಟ್ ಗೇರ್‌ಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಅಗಲ ಇದ್ದ ಒಂದು ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಪೆಡಲ್ ಗಟ್ಟಿ! ಏನೂ ಆಗೇ ಇಲ್ಲ ಅನ್ನುವ ಹಾಗೆ.

ಸರ್ವಿಸ್ ಸೆಂಟರ್‌ನವರು ಬಿ.ಎಂ. ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ಬಂದರು. ಮಟ್ಟಸ ರಸ್ತೆ, ತಣ್ಣಗಿರುವ ಬ್ರೇಕ್. ಅಲ್ಲಿ ತೊಂದರೆ ಹೇಗೆ ಕಾಣಬೇಕು? ಆಮೇಲೆ ಜಾಬ್ ಕಾರ್ಡ್ ತೆಗೆದು ನೋಡಿದೆ. ನನ್ನ ದೂರು ಅಂತ ಅಲ್ಲಿ ಬರೆದಿದ್ದದ್ದು ಎರಡೇ ಪದ: 'ಬ್ರೇಕ್ ಚೆಕ್'. ಅವರು ಚೆಕ್ ಮಾಡಿದ್ದರು. ಕೆಲಸ ಮುಗಿದಿತ್ತು.

ಎರಡನೇ ಸಲ ಹೋದಾಗ ನಾನೇ ಬರೆಸಿದೆ: "ಘಟ್ಟ ಇಳಿಯಲು ಶುರು ಮಾಡಿದ 20 ನಿಮಿಷದ ನಂತರ ಪೆಡಲ್ ತಳ ಮುಟ್ಟುತ್ತದೆ. ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ. 30 ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ." ಆವತ್ತು ಚಕ್ರ ಬಿಚ್ಚಿದರು. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿ ಪ್ಯಾಡ್ ಯಾವಾಗಲೂ ಡಿಸ್ಕಿಗೆ ಉಜ್ಜುತ್ತಿತ್ತು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಾರು ಅದೇ, ಮೆಕ್ಯಾನಿಕ್ ಅವರೇ. ಬದಲಾಗಿದ್ದು ದೂರಿನ ಮಾತು ಮಾತ್ರ.

ಹಾಸನ, ಚಿಕ್ಕಮಗಳೂರು ಕಡೆ ಹತ್ತು, ಹನ್ನೆರಡು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ಓಡಿಸುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಶಿರಾಡಿ, ಚಾರ್ಮಾಡಿ, ಬಿಸಿಲೆ, ಗಿರಿ ರಸ್ತೆ ನಮಗೆ ಪಕ್ಕದಲ್ಲೇ ಇವೆ. ಬಯಲುಸೀಮೆಯ ಕಾರಿನಲ್ಲಿ ವರ್ಷಗಟ್ಟಲೆ ಅಡಗಿರುವ ತೊಂದರೆ ಇಲ್ಲಿ ಒಂದೇ ಇಳಿಜಾರಿನಲ್ಲಿ ಹೊರಗೆ ಬರುತ್ತದೆ.

ಹಂತ 1: ಯಾವುದಕ್ಕೆ ಗಾಡಿಯನ್ನು ತಕ್ಷಣ ನಿಲ್ಲಿಸಬೇಕು

ಏಸಿ ತಣ್ಣಗಾಗಲಿಲ್ಲ ಅಂದರೆ ಮುಂದಿನ ವಾರ ನೋಡಿಕೊಳ್ಳಬಹುದು. ಕೆಲವು ತೊಂದರೆಗಳಲ್ಲಿ "ನಿಧಾನಕ್ಕೆ ಓಡಿಸಿಕೊಂಡು ಹೋಗ್ತೀನಿ" ಅನ್ನುವ ಮಾತೇ ಇಲ್ಲ. ಪೆಡಲ್ ತಳ ಮುಟ್ಟುವುದು, ಸ್ಟೇರಿಂಗ್ ಇದ್ದಕ್ಕಿದ್ದಂತೆ ಬಿಗಿಯಾಗುವುದು ಅಥವಾ ಸಡಿಲವಾಗುವುದು, ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುವುದು, ಪೆಟ್ರೋಲ್ ವಾಸನೆ, ವೈರ್ ಸುಟ್ಟ ವಾಸನೆ, ಟೈರಿನ ಪಕ್ಕದಲ್ಲಿ ಗುಳ್ಳೆ. ಇವು ಕಂಡರೆ ಟೋಯಿಂಗ್ ಗಾಡಿ ಕರೆಸಿ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದೀರಾ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ. ಘಟ್ಟದ ನಡುವೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಅಲ್ಲಿ ನಂಬರ್ ಹುಡುಕಲು ಆಗುವುದಿಲ್ಲ. ಸಹಾಯಕ್ಕೆ ಕರೆಯುವ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಷ್‌ಬೋರ್ಡಿನಲ್ಲಿ ಇಡಿ.

ಮೀಟರಿನ ದೀಪಗಳನ್ನು ಓದುವುದನ್ನೂ ಕಲಿಯಬೇಕು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ), ಇಂಜಿನ್ ದೀಪಗಳು ಹೊತ್ತಿಕೊಂಡು ಆಮೇಲೆ ಆರಬೇಕು. ಆರದಿದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳಲೇ ಇಲ್ಲ ಅಂದರೆ? ಅದು ಇನ್ನೂ ಕೆಟ್ಟದ್ದು. ಮಾರುವ ಮುಂಚೆ ದೀಪವನ್ನೇ ಕೆಲಸ ಮಾಡದ ಹಾಗೆ ಮಾಡಿರಬಹುದು.

ಹಂತ 2: ತೊಂದರೆಯನ್ನು ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು. ದಿನ, ಹೊತ್ತು, ಜಾಗ, ಕಿಲೋಮೀಟರ್ ರೀಡಿಂಗ್, ವೇಗ, ಗೇರ್, ಮಳೆ ಇತ್ತಾ, ಎಷ್ಟು ಜನ ಕೂತಿದ್ದರು, ಗಾಡಿ ಎಷ್ಟು ಹೊತ್ತು ಓಡಿತ್ತು, ಏನಾಯಿತು, ಹೇಗೆ ಸರಿಹೋಯಿತು. ಯಾಕೆ ಆಯಿತು ಅನ್ನುವ ನಿಮ್ಮ ಊಹೆಯನ್ನು ಬರೆಯಬೇಡಿ. "ಮಾಸ್ಟರ್ ಸಿಲಿಂಡರ್ ಹೋಗಿದೆ" ಅಂತ ನೀವೇ ಹೇಳಿದರೆ ಅದನ್ನೇ ಬದಲಿಸಿ ಬಿಲ್ ಕೊಡುತ್ತಾರೆ. ತೊಂದರೆ ಅಲ್ಲೇ ಇರುತ್ತದೆ.

ಮೀಟರಿನ ದೀಪ, ಶಬ್ದ, ಸೋರಿಕೆ ಇವುಗಳ ವಿಡಿಯೋ ಇರಲಿ. ಓಡಿಸುವವರು ಮೊಬೈಲ್ ಹಿಡಿಯಬಾರದು, ಪಕ್ಕದಲ್ಲಿ ಕೂತವರಿಗೆ ಕೊಡಿ.

ಪದಗಳಿಗೆ ಇಷ್ಟೊಂದು ಒತ್ತು ಯಾಕೆ ಅಂತ ಕೇಳಬಹುದು. ಅಮೆರಿಕದ ಜನರಲ್ ಮೋಟಾರ್ಸ್ ಕಥೆ ನೋಡಿ. ಕೆಲವು ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ಎಷ್ಟು ಸಡಿಲ ಇತ್ತೆಂದರೆ, ಕೀ ಗೊಂಚಲು ಭಾರವಾದರೂ ಮೊಣಕಾಲು ತಾಗಿದರೂ ಓಡುವಾಗಲೇ ಆಫ್ ಆಗುತ್ತಿತ್ತು. ಇಂಜಿನ್ ಜೊತೆ ಪವರ್ ಸ್ಟೇರಿಂಗ್ ಸಹಾಯ ಹೋಗುತ್ತಿತ್ತು, ಗುದ್ದಿದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಇಂಜಿನ್ ನಿಂತುಹೋಗುತ್ತದೆ ಅಂತ ದೂರುಗಳು ಬಂದಾಗ ಕಂಪನಿ ಅದನ್ನು ಗ್ರಾಹಕರ ಅನುಕೂಲದ ವಿಷಯ ಅಂತ ಎಣಿಸಿತು, ಸುರಕ್ಷತೆಯ ವಿಷಯ ಅಂತ ಎಣಿಸಲಿಲ್ಲ. ಕೊನೆಗೆ 2014ರಲ್ಲಿ ರೀಕಾಲ್ ಆಯಿತು, ಅಂದರೆ ದೋಷ ಸರಿಮಾಡಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಯಿತು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಹಾಗಾಗಿ "ಗಾಡಿ ಆಫ್ ಆಗುತ್ತೆ" ಅನ್ನುವ ಬದಲು "60 ವೇಗದಲ್ಲಿ ಇಂಜಿನ್ ಆಫ್ ಆಗಿ ಸ್ಟೇರಿಂಗ್ ಬಿಗಿಯಾಯಿತು, ಹಿಂದಿನ ಲಾರಿ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು" ಅಂತ ಬರೆಯಿರಿ. ಅಂದಹಾಗೆ, ಹಳೇ ಕಾರಿನ ಕೀಗೆ ಮನೆ ಬೀಗದ ಗೊಂಚಲು ನೇತುಹಾಕಬೇಡಿ.

ಹಂತ 3: ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು

ಬ್ರೇಕಿನಿಂದ ಶುರು ಮಾಡೋಣ, ನಮ್ಮ ಕಡೆ ಅದೇ ಮುಖ್ಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೇನು ಕಮ್ಮಿ? ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಆಯಿಲ್‌ಗೆ ಆ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇದ್ದರೆ ಶಾಖ ಏರಿ ಆಯಿಲ್ ಕುದಿಯುತ್ತದೆ, ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದಾಗ ಅದುಮುವುದು ಆ ಗುಳ್ಳೆಗಳನ್ನು, ಪ್ಯಾಡನ್ನಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಸರಿಹೋಗುತ್ತದೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು. ಮೇಲಿಂದ ಸ್ವಲ್ಪ ಸುರಿದರೆ ಲೆಕ್ಕಕ್ಕಿಲ್ಲ.

ಪೆಡಲ್ ಒಂದೊಂದು ಸಲ ಒಂದೊಂದು ಥರ ಮಾತಾಡುತ್ತದೆ. ಯಾವಾಗಲೂ ಮೆತ್ತಗಿದ್ದು ಎರಡು ಮೂರು ಸಲ ಒತ್ತಿದರೆ ಗಟ್ಟಿಯಾಗುತ್ತದೆಯೇ? ಪೈಪಿನಲ್ಲಿ ಗಾಳಿ ಇರಬಹುದು. ನಿಂತ ಗಾಡಿಯಲ್ಲಿ ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತದೆಯೇ? ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ದೂಡುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಪೆಡಲ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ನೋಡಿಸಿ. ಅದಕ್ಕೊಂದು ಸುಲಭ ಪರೀಕ್ಷೆ ಇದೆ: ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಗಾಡಿ ಒಂದು ಕಡೆಗೆ ಎಳೆದರೆ ಕ್ಯಾಲಿಪರ್ ಮೇಲೆ ಅನುಮಾನ ಪಡಿ.

ಇಲ್ಲಿ ಒಂದು ಜಗಳ ಮುಗಿಸಿಬಿಡುತ್ತೇನೆ. ಘಟ್ಟದಲ್ಲಿ ನ್ಯೂಟ್ರಲ್ ಮಾಡಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವ ಮಾವಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಓಡಿಸಲು ಇಂಧನ ಬೇಕೇ ಬೇಕು. ಉಳಿತಾಯವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ. ಸೆಕೆಂಡ್ ಗೇರ್‌ನಲ್ಲಿ ಇಳಿಸಿ ಮಾವ.

ಸ್ಟೇರಿಂಗ್ ಮತ್ತು ಟೈರಿಗೆ ಹೆಚ್ಚು ಹೊತ್ತು ಬೇಡ. ಮಟ್ಟಸ ಜಾಗದಲ್ಲಿ ಜಾಕಿ ಕೊಟ್ಟು ಮುಂದಿನ ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿ, ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಕ್ ಲಟಕ್ ಅಂದರೆ ಟೈ ರಾಡ್, ಬಾಲ್ ಜಾಯಿಂಟ್, ಬೇರಿಂಗ್ ನೋಡಿಸಬೇಕು. ಬರೀ ಜಾಕಿ ನಂಬಿ ಗಾಡಿ ಕೆಳಗೆ ತೂರಬೇಡಿ. ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2316 ಅಂದರೆ 2016ರ 23ನೇ ವಾರ ಮಾಡಿದ ಟೈರು. ಗಾಡಿ ಹೆಚ್ಚು ಓಡದೆ ಟೈರಿನ ಗೆರೆ ಚೆನ್ನಾಗಿ ಉಳಿದಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಎಷ್ಟೋ ಸಲ ಅದು ಕಾರಿನಷ್ಟೇ ಹಳೆಯದು.

ಇನ್ನು ಇಲಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಮಳೆಗಾಲದಲ್ಲಿ ಇಲಿ ನುಗ್ಗುವುದು ಗ್ಯಾರಂಟಿ. ಎಬಿಎಸ್ ದೀಪ ಹತ್ತಿತು ಅಂತ ಸಾವಿರಾರು ರೂಪಾಯಿಯ ಪಾರ್ಟು ಹಾಕಿಸುವ ಮೊದಲು ಬಾನೆಟ್ ಎತ್ತಿ ವೈರು ನೋಡಿ. ಪೆಟ್ರೋಲ್ ವಾಸನೆ ಬಂದರೂ ಇಂಧನದ ಪೈಪನ್ನು ಇಲಿ ಕಡಿದಿರಬಹುದು. ಹಾಗೆ ವಾಸನೆ ಬಂದಾಗ ಸ್ಟಾರ್ಟ್ ಮಾಡಿ ನೋಡುವ ಸಾಹಸ ಬೇಡ.

ಹಂತ 4: ಏರ್‌ಬ್ಯಾಗ್, ಇದಕ್ಕೆ ಕೈ ಹಾಕಬೇಡಿ

ಏರ್‌ಬ್ಯಾಗ್ ಒಳಗೆ ಸಿಡಿಯುವ ಮದ್ದು ಇದೆ. ಅದರ ವೈರು ಸಾಮಾನ್ಯವಾಗಿ ಹಳದಿ ಬಣ್ಣದ ಕವಚ ಅಥವಾ ಕನೆಕ್ಟರಿನಲ್ಲಿ ಇರುತ್ತದೆ. ಅಲ್ಲಿಗೆ ಟೆಸ್ಟರ್ ಚುಚ್ಚುವ ಎಲೆಕ್ಟ್ರಿಷಿಯನ್ ಕಂಡರೆ ಕೀ ವಾಪಸ್ ಇಸಿದುಕೊಳ್ಳಿ.

ಹಳೇ ಕಾರು ಕೊಂಡವರು ಟಕಾಟಾ ಹೆಸರು ಕೇಳಿರಬೇಕು. ಜಪಾನಿನ ಈ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ಬಿಸಿ, ತೇವ ತಿಂದು ಅದು ಹಾಳಾಗುತ್ತದೆ. ಆಮೇಲೆ ಗಾಡಿ ಗುದ್ದಿದಾಗ ಜಾಸ್ತಿ ರಭಸದಿಂದ ಸಿಡಿದು, ಲೋಹದ ಡಬ್ಬಿಯೇ ಚೂರಾಗಿ ಮುಖ, ಕುತ್ತಿಗೆಗೆ ಹಾರುತ್ತದೆ. ವಾಹನ ಇತಿಹಾಸದಲ್ಲೇ ಅತಿ ದೊಡ್ಡ ರೀಕಾಲ್ ಇದು. ಟಕಾಟಾ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲೂ ಹೋಂಡಾ, ಟೊಯೋಟ ತಮ್ಮ ಹಳೆಯ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದವು. ಕೆಲಸ ಪೂರ್ತಿ ಉಚಿತ. ಆದರೆ ಪತ್ರ ಹೋಗಿದ್ದು ಮೊದಲ ಮಾಲೀಕರ ವಿಳಾಸಕ್ಕೆ. ಅವರು ಕಾರು ಮಾರಿ ಯಾವ ಕಾಲವಾಯಿತೋ!

ಆದ್ದರಿಂದ ನೀವೇ ನೋಡಬೇಕು. ಆರ್‌ಸಿಯಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿ ನಂಬರ್ ತೆಗೆದುಕೊಂಡು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಕಾರಿನ ಮೇಲಿನ ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತದಾ ಅಂತಲೂ ನೋಡಿ. ನೀವು ಮೂರನೇ ಮಾಲೀಕರಾದರೂ ರೀಕಾಲ್ ಕೆಲಸಕ್ಕೆ ದುಡ್ಡು ಕೇಳುವ ಹಾಗಿಲ್ಲ.

ಹಂತ 5: ದೂರು ಯಾರ ಮೇಲೆ?

ಇಲ್ಲಿ ಸ್ವಲ್ಪ ನಿಷ್ಠುರ ಮಾತು. ಹನ್ನೆರಡು ವರ್ಷದ ಕಾರಿನ ಪ್ಯಾಡ್, ಬುಷ್, ಟೈರು, ಆಯಿಲ್ ಸವೆದರೆ ಅದು ವಯಸ್ಸು. ಖರ್ಚು ನಿಮ್ಮದೇ. ಕಂಪನಿಗೆ ಬರೆದು ಪ್ರಯೋಜನವಿಲ್ಲ. ಅದೇ ಮಾಡೆಲ್‌ನ ಬೇರೆ ಕಾರುಗಳಲ್ಲೂ ಅದೇ ಭಾಗ ಹಾಗೇ ಕೈಕೊಡುತ್ತಿದ್ದರೆ ಅದು ತಯಾರಿಕೆಯ ದೋಷ ಇರಬಹುದು, ಆಗ ಕಂಪನಿಯನ್ನು ಕೇಳಬೇಕು. ತೊಂದರೆ ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದರೆ, ಮೀಟರ್ ತಿರುಗಿಸಿದ್ದರೆ, ಏರ್‌ಬ್ಯಾಗ್ ಇಲ್ಲದೆ ಮುಚ್ಚಳ ಮಾತ್ರ ಕೂರಿಸಿದ್ದರೆ, ಮಾರಿದವರನ್ನು ಹಿಡಿಯಬೇಕು.

ಮಾರಿದವರಲ್ಲೂ ಎರಡು ಥರ. ಡೀಲರ್ ಆದರೆ ಗ್ರಾಹಕ ಕಾನೂನು ಅನ್ವಯಿಸುತ್ತದೆ. ಹಳೇ ವಾಹನ ಮಾರುವ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಕೊಳ್ಳುವಾಗಲೇ ಅದನ್ನು ಕೇಳಿ. ತಮ್ಮ ಸ್ವಂತ ಕಾರನ್ನು ಮಾರಿದ ಪಕ್ಕದೂರಿನ ಮೇಷ್ಟ್ರಾದರೆ ಗ್ರಾಹಕ ಆಯೋಗಕ್ಕೆ ಹೋಗಲು ಬರುವುದಿಲ್ಲ, ಅವರು ವ್ಯಾಪಾರಿ ಅಲ್ಲ. ಸಿವಿಲ್ ಕೋರ್ಟ್ ದಾರಿ ಇದೆ, ಆದರೆ ನನ್ನ ಕೇಳಿದರೆ ನಾಲ್ಕು ಜನರ ಮುಂದೆ ಕೂತು ಮಾತಾಡಿ ರಿಪೇರಿ ಖರ್ಚು ಹಂಚಿಕೊಳ್ಳುವುದೇ ವಾಸಿ.

ಯಾವ ದಾರಿ ಹಿಡಿದರೂ ಆರ್‌ಸಿ ನಿಮ್ಮ ಹೆಸರಿನಲ್ಲಿ ಇರಲೇಬೇಕು. ಕೆಎ 13, 18, 46, 66 ಯಾವ ನಂಬರಿನ ಗಾಡಿಯಾದರೂ ಹೆಸರು ಬದಲಿಸಿಕೊಳ್ಳದೆ ವರ್ಷಗಟ್ಟಲೆ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ದೂರು ಕೊಡುವ ದಿನ ಅದೇ ಮೊದಲ ಅಡ್ಡಿ. ಇನ್ಶೂರೆನ್ಸ್ ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು.

ಹಂತ 6: ಜಾಬ್ ಕಾರ್ಡ್, ಆಮೇಲೆ ಪತ್ರ

ಸರ್ವಿಸ್ ಅಡ್ವೈಸರ್ ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ನಿಮ್ಮ ನೋಟ್‌ಬುಕ್ಕಿನ ಸಾಲುಗಳನ್ನು ಓದಿ ಹೇಳಿ. "ಅಷ್ಟೆಲ್ಲಾ ಬರೆಯಕ್ಕೆ ಜಾಗ ಇಲ್ಲ ಸಾರ್" ಅಂದರೆ ಕೈಯಲ್ಲೇ ಬರೆದು ಸಹಿ ಹಾಕಿ ಎರಡೂ ಪ್ರತಿಯಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಟ್ರಯಲ್‌ಗೆ ನೀವೂ ಜೊತೆಗೆ ಹೋಗಿ, ತೊಂದರೆ ಬರುವ ಥರದ ರಸ್ತೆಗೇ ಕರೆದುಕೊಂಡು ಹೋಗಿ. 'ತೊಂದರೆ ಕಂಡುಬಂದಿಲ್ಲ' ಅಂತ ವಾಪಸ್ ಕೊಟ್ಟರೂ ಆ ಮಾತನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಏನಾದರೂ ಆದರೆ ಆ ಸಾಲಿಗೆ ಬೆಲೆ ಇದೆ. ಬದಲಿಸಿದ ಹಳೇ ಪಾರ್ಟನ್ನು ಕೇಳಿ ತೆಗೆದುಕೊಂಡು, ಫೋಟೋ ಹೊಡೆದು, ಚೀಲದಲ್ಲಿ ಕಟ್ಟಿಡಿ.

ಹೊರಗೆ ಹಾಕಿಸಿದ ಲೈಟು, ಹಾರ್ನು, ಸ್ಟೀರಿಯೋ ವೈರಿಂಗ್ ಇದ್ದರೆ ಕಂಪನಿಯವರು ಮೊದಲು ಬೊಟ್ಟು ಮಾಡುವುದು ಅದರ ಕಡೆಗೇ. ಪತ್ರ ಬರೆಯುವ ಮುಂಚೆ ಅವನ್ನು ಬಿಚ್ಚಿಸಿ ತೊಂದರೆ ಮತ್ತೆ ಬರುತ್ತದಾ ನೋಡಿ.

ಎರಡು ಸಲ ತೋರಿಸಿದ ಮೇಲೂ ಸರಿಹೋಗದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿ. ಫೋನಿನಲ್ಲಿ ಕೂಗಾಡಿದ್ದು ಯಾರ ಫೈಲಿಗೂ ಹೋಗುವುದಿಲ್ಲ. ಹೀಗೆ ಬರೆಯಬಹುದು:

"ನನ್ನ ಕಾರಿನ ಚಾಸಿ ನಂಬರ್ ___, ತಯಾರಾದ ವರ್ಷ ___, ಈಗ ___ ಕಿ.ಮೀ. ಓಡಿದೆ. ದಿನಾಂಕ ___ ಮತ್ತು ___ರಂದು ಓಡುತ್ತಿರುವಾಗ ಪವರ್ ಸ್ಟೇರಿಂಗ್ ಸಹಾಯ ನಿಂತುಹೋಯಿತು. ಎರಡೂ ಸಲ ಮಳೆ ಇತ್ತು, ವೇಗ 40ರ ಆಸುಪಾಸು. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋಯಿತು. ಜಾಬ್ ಕಾರ್ಡ್ ನಂಬರ್ ___, ___. ಇದು ಸುರಕ್ಷತೆಯ ತೊಂದರೆ. ಈ ಚಾಸಿ ನಂಬರಿಗೆ ಬಾಕಿ ಇರುವ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಇದೆಯೇ ತಿಳಿಸಿ. ನಿಮ್ಮ ಕಂಪನಿಯ ತಾಂತ್ರಿಕ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ, ವರದಿಯನ್ನು 15 ದಿನದೊಳಗೆ ಲಿಖಿತವಾಗಿ ಕೊಡಿ."

ಇಷ್ಟೇ. ಬೈಗುಳ ಬೇಡ, ಕಣ್ಣೀರೂ ಬೇಡ.

ಹಂತ 7: ಕಂಪನಿ, ಡೀಲರ್ ಕೇಳದಿದ್ದರೆ

ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಆದರೆ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ.

ರೀಕಾಲ್ ಕಾನೂನು ನಮ್ಮಲ್ಲೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸೇರಿಸಿದ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ಕಂಪನಿಗೆ ರೀಕಾಲ್ ಮಾಡಲು ಆದೇಶಿಸಬಹುದು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮಾಲೀಕರು ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಒಂದೇ ಥರದ ದೂರುಗಳು ನಿಗದಿತ ಸಂಖ್ಯೆ ಮುಟ್ಟಿದರೆ ತನಿಖೆ ನಡೆಯುತ್ತದೆ. ಆದರೆ ಇದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ! ಹಳೇ ಕಾರಿಗೇ ಹೆಚ್ಚು ಬೇಕಾದ ಬಾಗಿಲು ಹಳೇ ಕಾರಿಗೇ ಮುಚ್ಚಿದೆ. ನನಗಂತೂ ಇದು ಸರಿ ಅನ್ನಿಸುವುದಿಲ್ಲ. ನಿಮ್ಮ ಕಾರು ಆ ವಯಸ್ಸು ದಾಟಿದ್ದರೆ ಉಳಿಯುವುದು ಕಂಪನಿ ತಾನಾಗಿ ಮಾಡಿದ ರೀಕಾಲ್ ಮತ್ತು ಗ್ರಾಹಕ ಆಯೋಗ.

ಜಿಲ್ಲಾ ಗ್ರಾಹಕ ಆಯೋಗ ಹಾಸನದಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಾರನ್ನು ಬೆಂಗಳೂರಿನ ಡೀಲರ್ ಹತ್ತಿರ ಕೊಂಡಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಹಾಕಬಹುದು. ಎರಡು ವರ್ಷದ ಗಡುವು ಮಾತ್ರ ನೆನಪಿರಲಿ. ದೋಷ ಇದೆಯೋ ಇಲ್ಲವೋ ತಿಳಿಯಲು ಆಯೋಗ ತಜ್ಞರ ಪರೀಕ್ಷೆಗೆ ಕಳಿಸಬಹುದು. ಹಾಗಾಗಿ ದೂರು ಹಾಕುವ ಮುಂಚೆ ಬೇರೆ ಕಡೆ ಎಲ್ಲಾ ಬಿಚ್ಚಿ ಹೊಸದು ಹಾಕಿಸಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಕಟ್ಟಿಟ್ಟ ಹಳೇ ಪಾರ್ಟು ಕೆಲಸಕ್ಕೆ ಬರುವುದು ಇಲ್ಲೇ.

ಹಂತ 8: ರಿಪೇರಿ ಆದ ಮೇಲೆ

'ತೃಪ್ತಿಯಾಗಿದೆ' ಅನ್ನುವ ಕಾಲಂಗೆ ಕೌಂಟರಿನಲ್ಲೇ ಸಹಿ ಹಾಕಬೇಡಿ. "ಟ್ರಯಲ್ ನಂತರ ತಿಳಿಸುತ್ತೇನೆ" ಅಂತ ಬರೆದು ಸಹಿ ಹಾಕಿ. ಮೊದಲು ಊರೊಳಗೆ ಎರಡು ದಿನ ಓಡಿಸಿ. ಆಮೇಲೆ ಮಳೆ ಇಲ್ಲದ ದಿನ, ಬೆಳಿಗ್ಗೆ, ಟ್ರಾಫಿಕ್ ಕಮ್ಮಿ ಇರುವಾಗ, ಒಬ್ಬರನ್ನು ಮಾತ್ರ ಜೊತೆಗೆ ಕರೆದುಕೊಂಡು ಅದೇ ಇಳಿಜಾರಿಗೆ ಹೋಗಿ.

ನಾನು ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಇಳಿಯಲು ಶುರು ಮಾಡಿದೆ. ಸೆಕೆಂಡ್ ಗೇರ್, ಹತ್ತು ನಿಮಿಷಕ್ಕೊಮ್ಮೆ ಅಗಲ ಜಾಗ ನೋಡಿ ನಿಲ್ಲಿಸುವುದು, ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡುವುದು. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು, ಯಾವ ಚಕ್ರ ಜಾಸ್ತಿ ಕಾದಿದೆ ಗೊತ್ತಾಗುತ್ತದೆ. ಮೂರನೇ ಸಲ ನಿಲ್ಲಿಸಿದಾಗಲೂ ಎಡಕ್ಕೂ ಬಲಕ್ಕೂ ಒಂದೇ ಶಾಖ ಇತ್ತು, ಪೆಡಲ್ ಗಟ್ಟಿ ಇತ್ತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಿಲೋಮೀಟರ್ ಬರೆದೆ. ಮಾರನೇ ದಿನ ಹೋಗಿ ಆ ಕಾಲಂಗೆ ಸಹಿ ಹಾಕಿದೆ.